ಹೆರಿಗೆ ಕೊಠಡಿಯ ಕತ್ತರಿ, ಫೋರ್ಸೆಪ್ಸ್‌ಗಳಿಗೆ ತುಕ್ಕು: ಬ್ಲೀಚಿಂಗ್ ನೀರಿನಲ್ಲಿ ನೆನೆಸುವ ಕ್ರಮ ಸರಿಯೇ?

ಪ್ರಶ್ನೆ: ಹೆರಿಗೆ ವಾರ್ಡಿನ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಮುದಾಯ ಆರೋಗ್ಯ ಕೇಂದ್ರದ ಹೆರಿಗೆ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆರಿಗೆ ಮುಗಿದ ಕೂಡಲೇ ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಲಾಕ್ ಇರುವ ಚಿಮಟ), ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ, ಎಪಿಸಿಯಾಟಮಿ ಕತ್ತರಿ (ಹೆರಿಗೆಯಲ್ಲಿ ಯೋನಿದ್ವಾರವನ್ನು ಅಗಲಿಸಲು ಕೊಯ್ಯುವುದು), ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಟಬ್ಬಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದಿರುವ ರೂಢಿ. ಗೋಡೆಯ ಮೇಲಿನ ಚಾರ್ಟಿನಲ್ಲಿ ಶೇ. 0.5ರ ಕ್ಲೋರಿನ್ ದ್ರಾವಣದಲ್ಲಿ 10 ನಿಮಿಷ ಎಂದಿದೆ. ಆದರೆ ರಾತ್ರಿ ಪಾಳಿಯಲ್ಲಿ ಒಂದರ ಬೆನ್ನಿಗೆ ಒಂದು ಹೆರಿಗೆ ಬಂದರೆ ಉಪಕರಣಗಳು ಬೆಳಗಿನವರೆಗೂ ಆ ನೀರಿನಲ್ಲೇ ಇರುತ್ತವೆ.

ಈಗ ಕತ್ತರಿಗಳ ಕೀಲಿನ ಸುತ್ತ ಕಂದು ಬಣ್ಣ ಏರಿದೆ. ಫೋರ್ಸೆಪ್ಸ್‌ನ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತವೆ, ಕೆಲವು ಫೋರ್ಸೆಪ್ಸ್‌ಗಳ ಲಾಕ್ ಬಿಗಿಯಾಗಿ ಒಂದೇ ಕೈಯಲ್ಲಿ ಬಿಡಿಸಲು ಬರುವುದಿಲ್ಲ. ಅದೇ ಟಬ್ಬಿಗೆ ಹಾಕುವ ಕಿಡ್ನಿ ಟ್ರೇ ಮತ್ತು ಬಟ್ಟಲುಗಳಿಗೆ ಏನೂ ಆಗಿಲ್ಲವಾದ್ದರಿಂದ, ತಪ್ಪು ನೀರಿನದಲ್ಲ, ಕಳಪೆ ಕತ್ತರಿ ಪೂರೈಕೆಯಾಗಿದೆ ಎಂದು ಕೆಲವರು ಹೇಳುತ್ತಾರೆ. ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್‌ ಯಂತ್ರದ ಸುತ್ತಲಿನ ಪಾರದರ್ಶಕ ಹಲಗೆಗಳೂ ದಿನನಿತ್ಯ ಸ್ಪಿರಿಟ್‌ನಿಂದ ಒರೆಸಿ ಮಂಜು ಕವಿದಂತೆ ಮಸುಕಾಗಿವೆ, ಸ್ಕ್ರೂ ಇರುವ ಕಡೆ ಕೂದಲೆಳೆಯಂತಹ ಬಿರುಕುಗಳು ಕಾಣಿಸಿಕೊಂಡಿವೆ.

ಬ್ಲೀಚಿಂಗ್ ನೀರನ್ನು ಬಿಟ್ಟರೆ ರಕ್ತ ಮೆತ್ತಿದ ಉಪಕರಣಗಳನ್ನು ಮುಟ್ಟಲು ನಮ್ಮ ಗ್ರೂಪ್ ಡಿ ಸಿಬ್ಬಂದಿ ಹೆದರುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸೋಂಕು ನಿಯಂತ್ರಣವೂ ಆಗಬೇಕು, ಸಿಬ್ಬಂದಿಯೂ ಸುರಕ್ಷಿತವಾಗಿರಬೇಕು, ಉಪಕರಣವೂ ಉಳಿಯಬೇಕು. ಅಂತಹ ಕ್ರಮ ಯಾವುದೆಂದು ಅನುಭವಸ್ಥರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಸಿಎಸ್‌ಎಸ್‌ಡಿ ಮೇಲ್ವಿಚಾರಕ

ಸಿಸ್ಟರ್, ಆಸ್ಪತ್ರೆಯ ಉಪಕರಣಗಳನ್ನು ತೊಳೆದು ಕ್ರಿಮಿಶುದ್ಧ ಮಾಡಿ ಕೊಡುವ ವಿಭಾಗದಲ್ಲಿ (ಸಿಎಸ್‌ಎಸ್‌ಡಿ) ಕೆಲಸ ಮಾಡುವವನಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಒಂದೇ ನೀರಿನಲ್ಲಿ ಟ್ರೇ ಉಳಿದು ಕತ್ತರಿ ಹಾಳಾಗಲು ಕಾರಣ ಅವೆರಡರ ಸ್ಟೀಲ್ ಬೇರೆ ಬೇರೆಯಾಗಿರುವುದು. ಟ್ರೇ, ಬಟ್ಟಲುಗಳನ್ನು ಸಾಮಾನ್ಯವಾಗಿ ಶೇ. 18ರಷ್ಟು ಕ್ರೋಮಿಯಂ ಮತ್ತು ಶೇ. 8ರಷ್ಟು ನಿಕಲ್ ಇರುವ ಸ್ಟೀಲ್‌ನಿಂದ ಮಾಡುತ್ತಾರೆ. ಕತ್ತರಿಗೆ ಹರಿತ ನಿಲ್ಲಬೇಕು, ಫೋರ್ಸೆಪ್ಸ್‌ನ ಹಿಡಿತ ಸಡಿಲವಾಗಬಾರದು. ಆದ್ದರಿಂದ ಅವಕ್ಕೆ ಕಾಯಿಸಿ ಗಡಸು ಮಾಡಬಹುದಾದ ಸ್ಟೀಲ್ ಬೇಕು. ಅದರಲ್ಲಿ ಕ್ರೋಮಿಯಂ ಸುಮಾರು ಶೇ. 12ರಿಂದ 14 ಇರುತ್ತದೆ, ನಿಕಲ್ ಇಲ್ಲವೆಂದೇ ಹೇಳಬೇಕು. ಒಂದು ಅಯಸ್ಕಾಂತ ಹಿಡಿದು ನೋಡಿ: ಕತ್ತರಿಗೆ ಗಟ್ಟಿಯಾಗಿ ಅಂಟುತ್ತದೆ, ಟ್ರೇಗೆ ಅಂಟುವುದಿಲ್ಲ ಅಥವಾ ತೀರಾ ಸಡಿಲವಾಗಿ ಅಂಟುತ್ತದೆ. ಹಾಗಾಗಿ ಒಳ್ಳೆಯ ಕಂಪನಿಯ ಕತ್ತರಿಯೂ ರಾತ್ರಿಯಿಡೀ ಕ್ಲೋರಿನ್ ನೀರಿನಲ್ಲಿ ಕುಳಿತರೆ ಉಳಿಯುವುದಿಲ್ಲ. ಪೂರೈಕೆಯನ್ನು ದೂರುವ ಮೊದಲು ಇದನ್ನು ಗಮನಿಸಬೇಕು.

ಸ್ಟೀಲ್‌ಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲೆ ತಾನಾಗಿಯೇ ಮೂಡುವ, ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರ. ಬ್ಲೀಚಿಂಗ್ ನೀರಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚಿದಂತೆ ಒಡೆಯುತ್ತದೆ, ಒಡೆದ ಜಾಗದಲ್ಲಿ ಸವೆತ ಒಳಮುಖವಾಗಿ ಸಾಗುತ್ತದೆ. ನೀವು ಕಂಡ ಗುಳಿಗಳು ಹುಟ್ಟುವುದು ಹೀಗೆ. ಇದನ್ನು ಕೇವಲ ಅಂದದ ಅಥವಾ ಬಾಳಿಕೆಯ ಪ್ರಶ್ನೆಯೆಂದು ದಯವಿಟ್ಟು ಯಾರೂ ತಿಳಿಯಬಾರದು. ಗುಳಿಯೊಳಗೆ ಕುಳಿತ ರಕ್ತವನ್ನು ಬ್ರಷ್‌ನ ಎಳೆ ಮುಟ್ಟುವುದಿಲ್ಲ, ರಕ್ತದ ಪದರದ ಕೆಳಗಿರುವ ಸೂಕ್ಷ್ಮಜೀವಿಯನ್ನು ಆಟೋಕ್ಲೇವ್‌ನ (ಒತ್ತಡದ ಹಬೆಯಿಂದ ಕ್ರಿಮಿಶುದ್ಧ ಮಾಡುವ ಯಂತ್ರ) ಹಬೆ ಸರಿಯಾಗಿ ತಲುಪುವ ಭರವಸೆಯೂ ಇರುವುದಿಲ್ಲ. ಮೈ ಹಾಳಾದ ಉಪಕರಣವನ್ನು ಪೂರ್ತಿ ಶುಚಿ ಮಾಡಲು ಬರುವುದಿಲ್ಲ. ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿಯ ವಿಷಯದಲ್ಲಿ ಇದರ ಅರ್ಥವೇನೆಂದು ನಿಮಗೆ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ, ವೈದ್ಯಕೀಯ ಉಪಕರಣಗಳ ಮರುಬಳಕೆಯ ಸಿದ್ಧತೆ ಕುರಿತ ಕೈಪಿಡಿಯಲ್ಲಿ, ತೊಳೆಯುವುದಕ್ಕೆ ಮೊದಲು ಉಪಕರಣಗಳನ್ನು ಶೇ. 0.5ರ ಕ್ಲೋರಿನ್ ದ್ರಾವಣದಲ್ಲಾಗಲಿ ಬೇರೆ ಸೋಂಕುನಿವಾರಕದಲ್ಲಾಗಲಿ ನೆನೆಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಉಪಕರಣ ಸವೆಯುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ ರಕ್ತ ಮತ್ತು ದೇಹದ್ರವಗಳು ಸೇರಿದಾಗ ಕ್ಲೋರಿನ್‌ನ ಶಕ್ತಿ ಅವುಗಳ ಮೇಲೆಯೇ ವ್ಯಯವಾಗಿ, ಸ್ವಲ್ಪ ಹೊತ್ತಿನಲ್ಲಿ ಆ ಟಬ್ಬಿನ ನೀರೇ ಸೂಕ್ಷ್ಮಜೀವಿಗಳ ತಾಣವಾಗಬಹುದು ಎಂಬುದು. ಮೂರನೆಯ ಹೆರಿಗೆಯ ಉಪಕರಣ ಬೀಳುವ ಹೊತ್ತಿಗೆ ನಿಮ್ಮ ಟಬ್ಬಿನ ನೀರು ಕೆಂಪಾಗಿದ್ದರೆ, ಅದು ರಕ್ಷಣೆ ಕೊಡುತ್ತಿದೆ ಎಂಬ ನಂಬಿಕೆಯೇ ಸಿಬ್ಬಂದಿಗೆ ಅಪಾಯಕಾರಿ.

ಹಾಗಾದರೆ ಮಾಡಬೇಕಾದುದು ಇಷ್ಟು. ಬಳಸಿದ ಕೂಡಲೇ, ಹೆರಿಗೆ ಮೇಜಿನ ಬಳಿಯಲ್ಲೇ, ಒದ್ದೆ ಗಾಜ್‌ನಿಂದ ದಪ್ಪನೆಯ ರಕ್ತವನ್ನು ಒರೆಸಿ ತೆಗೆಯಿರಿ. ತಕ್ಷಣ ತೊಳೆಯಲು ಪುರುಸೊತ್ತಿಲ್ಲದಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬರಿಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೇಲೆ ಹೊದಿಸಿ. ರಕ್ತ ಒಣಗಿ ಅಂಟಿಕೊಳ್ಳಬಾರದು ಎನ್ನುವುದಷ್ಟೇ ಇದರ ಉದ್ದೇಶ, ನಿಮ್ಮ ರಾತ್ರಿ ಪಾಳಿಗೆ ಇದೇ ತಕ್ಕ ಉಪಾಯ. ಅರ್ಧ ಉಳಿದ ಸಲೈನ್ ಬಾಟಲಿಯನ್ನು ಇದಕ್ಕೆ ಬಳಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ, ಅದನ್ನು ಖಂಡಿತ ಮಾಡಬಾರದು. ಸಲೈನ್ ಎಂದರೆ ಉಪ್ಪುನೀರು, ಅದರಲ್ಲಿರುವುದೂ ಕ್ಲೋರೈಡೇ.

ತೊಳೆಯುವಾಗ ಎನ್ಜೈಮ್ ಇರುವ ದ್ರಾವಣ ಸಿಕ್ಕರೆ ಉತ್ತಮ. ಸಿಗದಿದ್ದರೆ ಆಮ್ಲವೂ ಕ್ಷಾರವೂ ಅಲ್ಲದ, ಹೆಚ್ಚು ನೊರೆ ಬರದ ಸೌಮ್ಯ ದ್ರವ ಮಾರ್ಜಕ ಸಾಕು. ನೀರು ಉಗುರುಬೆಚ್ಚಗಿರಲಿ, 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವಂತೆ ರಕ್ತದ ಪ್ರೋಟೀನ್ ಕೂಡ ಬಿಸಿನೀರಿಗೆ ಹೆಪ್ಪುಗಟ್ಟಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಪ್ರತಿ ಫೋರ್ಸೆಪ್ಸ್‌ನ ಲಾಕ್ ಬಿಡಿಸಿ, ಪೂರ್ತಿ ಅಗಲಿಸಿ, ಮೃದು ನೈಲಾನ್ ಬ್ರಷ್‌ನಿಂದ ಹಲ್ಲುಗಳ ಉದ್ದಕ್ಕೂ ಕೀಲಿನ ಸಂದಿಯಲ್ಲೂ ಉಜ್ಜಬೇಕು. ಉಜ್ಜುವಾಗ ಉಪಕರಣ ನೀರಿನ ಒಳಗೇ ಇರಬೇಕು, ಮೇಲೆತ್ತಿ ಉಜ್ಜಿದರೆ ಹನಿಗಳು ಕಣ್ಣಿಗೆ ಸಿಡಿಯುತ್ತವೆ. ಸ್ಟೀಲ್ ಉಜ್ಜುಗ, ಪಾತ್ರೆ ತಿಕ್ಕುವ ಪುಡಿಗಳನ್ನು ತೊಳೆಯುವ ಕೋಣೆಯೊಳಕ್ಕೆ ಬಿಡಲೇಬೇಡಿ, ಅವು ಎಬ್ಬಿಸುವ ಗೀರಿನಲ್ಲೇ ಮುಂದಿನ ತುಕ್ಕು ಹುಟ್ಟುತ್ತದೆ.

ಸಿಬ್ಬಂದಿಯ ಭಯಕ್ಕೆ ಉತ್ತರ ದಪ್ಪ ರಬ್ಬರ್ ಕೈಗವಸು, ನೀರು ಇಳಿಯದ ಏಪ್ರನ್, ಕನ್ನಡಕ ಮತ್ತು ಮಾಸ್ಕ್. ಪರೀಕ್ಷೆಗೆ ಬಳಸುವ ತೆಳು ಗ್ಲೌಸ್ ಈ ಕೆಲಸಕ್ಕೆ ಸಾಲದು. ತೊಳೆಯುವವರೆಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರಬೇಕು. ಇದನ್ನು ಆಡಳಿತದಿಂದ ಕೇಳಿ ಪಡೆಯುವುದು ಅವರ ಹಕ್ಕು.

ಕೊನೆಯ ಜಾಲಾಡುವಿಕೆಯ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಇನ್ನೊಂದು ಎಚ್ಚರ ವಹಿಸಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಸುಣ್ಣದ ಬಿಳಿ ಪೊರೆ ಬಿಡುತ್ತದೆ, ಹಬೆಯ ಬಿಸಿಗೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕೊನೆಯ ಸುತ್ತಿಗಾದರೂ ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು ಬಳಸಿ, ಎಳೆ ಬಿಡದ ಬಟ್ಟೆಯಿಂದ ಕೂಡಲೇ ಒರೆಸಿ ಒಣಗಿಸಿ. ಅನಂತರ ಲಾಕ್ ಹಾಕದೆ, ಬಾಯಿ ತೆರೆದಂತೆ ಪ್ಯಾಕ್ ಮಾಡಿ 121 ಡಿಗ್ರಿಯಲ್ಲಿ, 15 ಪೌಂಡ್ ಒತ್ತಡದಲ್ಲಿ, ಬಟ್ಟೆ ಸುತ್ತಿದ ಪ್ಯಾಕ್ ಆದರೆ 30 ನಿಮಿಷ ಆಟೋಕ್ಲೇವ್ ಮಾಡಬೇಕು. ಲಾಕ್ ಹಾಕಿದ ಫೋರ್ಸೆಪ್ಸ್ ಬಿಸಿಗೆ ಹಿಗ್ಗುವಾಗ ಕೀಲಿನ ಬಳಿ ಸೀಳು ಬಿಡುತ್ತದೆ, ಮುಚ್ಚಿದ ದವಡೆಗಳ ನಡುವೆ ಹಬೆಯೂ ಹೋಗುವುದಿಲ್ಲ.

ಉತ್ತರ: ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಮೇಲಿನ ಉತ್ತರವನ್ನು ಗೌರವದಿಂದಲೇ ಓದಿದ್ದೇನೆ, ಆದರೂ ಒಂದು ಆಕ್ಷೇಪವಿದೆ. ಕ್ಲೋರಿನ್‌ನಲ್ಲಿ ಅದ್ದುವ ಕ್ರಮ ಯಾರದೋ ಅಜ್ಞಾನದಿಂದ ಬಂದುದಲ್ಲ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಬಗ್ಗೆ ಆತಂಕ ತುಂಬಿದ್ದ ಕಾಲದಲ್ಲಿ, ದಪ್ಪ ಕೈಗವಸು ಕೂಡ ಸಿಗದಿದ್ದ ಆಸ್ಪತ್ರೆಗಳಲ್ಲಿ, ತೊಳೆಯುವವರನ್ನು ಕಾಪಾಡಲು ಅದನ್ನು ಕಲಿಸಲಾಯಿತು. ನಾವೆಲ್ಲ ಅದನ್ನು ಕಲಿತೆವು, ಕಿರಿಯರಿಗೆ ಕಲಿಸಿದೆವು. ಇಂದಿಗೂ ಅನೇಕ ಹೆರಿಗೆ ಕೊಠಡಿಗಳ ಚಾರ್ಟಿನಲ್ಲಿ ಅದೇ ಇದೆ, ತಪಾಸಣೆಗೆ ಬರುವ ತಂಡ ಟಬ್ ಎಲ್ಲಿದೆ ಎಂದು ಕೇಳುತ್ತದೆ. ಈ ಸಿಸ್ಟರ್ ನಾಳೆಯಿಂದಲೇ ಟಬ್ ತೆಗೆದುಬಿಟ್ಟರೆ, ತಪಾಸಣೆಯ ದಿನ ಉತ್ತರ ಕೊಡಬೇಕಾದವರು ಅವರೊಬ್ಬರೇ.

ಆದ್ದರಿಂದ ನನ್ನ ಸಲಹೆಯೇನೆಂದರೆ, ಹೊಸ ಕ್ರಮವನ್ನು ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ನಡಾವಳಿಯಲ್ಲಿ ಬರೆಸಿ, ಚಾರ್ಟನ್ನೂ ಬದಲಿಸಿ ಆಮೇಲೆ ಜಾರಿಗೆ ತರಬೇಕು. ಅಲ್ಲಿಯವರೆಗೆ ಟಬ್ ಇಡಲೇಬೇಕಾದರೆ, ಅದರಿಂದ ಆಗುವ ಹಾನಿಯನ್ನು ಕಡಿಮೆ ಮಾಡಲು ದಾರಿಯಿದೆ. ನಾನು ಕಂಡ ಬಹುಪಾಲು ತುಕ್ಕಿಗೆ ಕಾರಣ ಅಂದಾಜಿನಲ್ಲಿ ಹಾಕಿದ ಪುಡಿ. ಶೇ. 33ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಒಂದು ಲೀಟರ್ ನೀರಿಗೆ 15 ಗ್ರಾಂ ಹಾಕಿದರೆ ಶೇ. 0.5 ಆಗುತ್ತದೆ, ಒಂದು ಹಿಡಿ, ಎರಡು ಹಿಡಿ ಎಂಬ ಲೆಕ್ಕದಲ್ಲಿ ಅದು ಎಷ್ಟಾಗುತ್ತದೋ ಯಾರಿಗೂ ತಿಳಿಯದು. ಶೇ. 5ರ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಆದರೆ ಒಂದು ಪಾಲಿಗೆ 9 ಪಾಲು ನೀರು, ಶೇ. 10ರ ಹೈಪೋ ಆದರೆ 19 ಪಾಲು ನೀರು. ಕ್ಯಾನಿನ ಮೇಲಿನ ಚೀಟಿಯನ್ನು ಪ್ರತಿ ಸಲವೂ ಓದಬೇಕು, ಏಕೆಂದರೆ ಒಂದು ಸರಬರಾಜಿನಲ್ಲಿ 5 ಬಂದರೆ ಇನ್ನೊಂದರಲ್ಲಿ 10 ಬರುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಬಳಸಬೇಕು. ಕರಗದ ಕಣ ಕೀಲಿನಲ್ಲಿ ಕುಳಿತರೆ ಆ ಒಂದೇ ಜಾಗವನ್ನು ತಿನ್ನುತ್ತಾ ಹೋಗುತ್ತದೆ.

ಉತ್ತರ: ಸಿಎಸ್‌ಎಸ್‌ಡಿ ಮೇಲ್ವಿಚಾರಕ

ಮೇಡಂ, ಲಿಖಿತವಾಗಿ ಬದಲಿಸಿಯೇ ಜಾರಿಗೆ ತರಬೇಕೆಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಟಬ್ ಇರುವವರೆಗೆ ಅದಕ್ಕೆ ಇನ್ನೆರಡು ನಿಯಮ ಸೇರಿಸಲು ಅನುಮತಿ ಕೊಡಿ. ರಕ್ತವನ್ನು ಬರಿಯ ನೀರಿನಲ್ಲಿ ಕಳೆದ ಮೇಲೆಯೇ ಉಪಕರಣ ಟಬ್ಬಿಗೆ ಹೋಗಬೇಕು, ಹತ್ತನೆಯ ನಿಮಿಷಕ್ಕೆ ಹೊರಬಂದು ಹರಿಯುವ ನೀರಿನಲ್ಲಿ ಚೆನ್ನಾಗಿ ಜಾಲಾಡಬೇಕು. ಗೋಡೆ ಗಡಿಯಾರ ನೋಡಿಕೊಳ್ಳಲು ಆಗದ ಪಾಳಿಯಲ್ಲಿ ಟಬ್ಬಿಗೆ ಹಾಕುವುದಕ್ಕಿಂತ ಒದ್ದೆ ಬಟ್ಟೆಯ ಡಬ್ಬಿಯಲ್ಲಿ ಇಡುವುದೇ ಮೇಲು. ಎರಡನೆಯದಾಗಿ, ದ್ರಾವಣವನ್ನು ಪ್ರತಿ ಪಾಳಿಗೂ ಹೊಸದಾಗಿ ಮಾಡಿ, ಬಣ್ಣ ತಿರುಗಿದರೆ ಪಾಳಿ ಮುಗಿಯುವ ಮೊದಲೇ ಚೆಲ್ಲಬೇಕು. ಟಬ್ ಪ್ಲಾಸ್ಟಿಕ್‌ನದಾಗಿರಲಿ, ಅಲ್ಯೂಮಿನಿಯಂ ಪಾತ್ರೆ ಬೇಡ.

ನೆಲದ ಮೇಲೆ ಚೆಲ್ಲಿದ ರಕ್ತಕ್ಕೆ ಹೈಪೋ ಬೇಕೇ ಬೇಕು, ಅದಕ್ಕೆ ಅದರ ಸ್ಥಾನ ಅಲ್ಲಿದೆ. ನನ್ನ ವಿರೋಧವಿರುವುದು ಅದನ್ನು ಕತ್ತರಿ, ಫೋರ್ಸೆಪ್ಸ್‌ಗಳ ಮೇಲೆ ಬಳಸುವುದಕ್ಕೆ ಮಾತ್ರ.

ಉತ್ತರ: ಬಯೋಮೆಡಿಕಲ್ ತಂತ್ರಜ್ಞ

ವಾರ್ಮರ್‌ನ ಹಲಗೆಗಳ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆ ಹಲಗೆ ಗಾಜಲ್ಲ, ಅಕ್ರಿಲಿಕ್. ಶೇ. 70ರ ಸ್ಪಿರಿಟ್ ಲೋಹಕ್ಕೆ ಏನೂ ಮಾಡದಿದ್ದರೂ ಅಕ್ರಿಲಿಕ್‌ಗೆ ಬದ್ಧವೈರಿ. ತಯಾರಿಕೆಯಲ್ಲಿ ಬಗ್ಗಿಸಿದ ಜಾಗದಲ್ಲೂ ಸ್ಕ್ರೂ ಬಿಗಿದ ಜಾಗದಲ್ಲೂ ಅಕ್ರಿಲಿಕ್‌ನ ಒಳಗೆ ಬಿಗಿತ ಉಳಿದಿರುತ್ತದೆ, ಸ್ಪಿರಿಟ್ ಅಲ್ಲಿಗೆ ಇಳಿದಾಗ ಬಿಗಿತವಿದ್ದ ಕಡೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನಿಮ್ಮಲ್ಲಿ ಬಿರುಕು ಸ್ಕ್ರೂ ಸುತ್ತಲೇ ಕಾಣಿಸಿಕೊಂಡಿರುವುದು ಇದರಿಂದಲೇ. ಹಲಗೆ ಮಸುಕಾದರೆ ಮಗುವಿನ ಮೈಬಣ್ಣ ನೀಲಿಗೆ ತಿರುಗಿತೇ, ಉಸಿರಾಟದಲ್ಲಿ ಎದೆ ಒಳಸೇರುತ್ತಿದೆಯೇ ಎಂಬುದು ದೂರದಿಂದ ಸ್ಪಷ್ಟವಾಗಿ ಕಾಣುವುದಿಲ್ಲ. ಬಿರುಕಿನ ಹಲಗೆಯ ಮೇಲೆ ಯಾರಾದರೂ ಮೊಣಕೈ ಊರಿದರೆ ಅದು ಮುರಿದು ಮಗು ಕೆಳಗೆ ಬೀಳುವ ಅಪಾಯವೂ ಇದೆ. ಈಗ ಬಿರುಕು ಬಿಟ್ಟಿರುವ ಹಲಗೆಯನ್ನು ಶುಚಿಗೊಳಿಸುವ ಮಾತು ಬೇಡ, ಬದಲಿಸಲು ಇಂದೇ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ.

ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ರೂಪಿಸಿದ ವರ್ಗೀಕರಣವನ್ನು ತರಬೇತಿಯಲ್ಲಿ ನೀವೆಲ್ಲ ಓದಿರುತ್ತೀರಿ. ದೇಹದೊಳಗಿನ ನಂಜಿಲ್ಲದ ಭಾಗಕ್ಕೆ ಹೋಗುವುದು ಕ್ರಿಮಿಶುದ್ಧವಾಗಿರಬೇಕು, ಲೋಳೆಪೊರೆಗೆ ತಾಗುವುದಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆ ಬೇಕು, ಗಾಯವಿಲ್ಲದ ಚರ್ಮಕ್ಕೆ ಮಾತ್ರ ತಾಗುವುದಕ್ಕೆ ತೊಳೆದು ಕೆಳಮಟ್ಟದ ಸೋಂಕುನಿವಾರಣೆ ಮಾಡಿದರೆ ಸಾಕು. ನಮ್ಮ ಆಸ್ಪತ್ರೆಗಳಲ್ಲಿ ನಾನು ಕಾಣುವುದು ಇದರ ತಲೆಕೆಳಗಾದ ರೂಪ: ಕತ್ತರಿಯ ಕೀಲನ್ನು ಉಜ್ಜಲು ಬ್ರಷ್ ಇರುವುದಿಲ್ಲ, ಮಾನಿಟರ್‌ನ ಪರದೆಗೆ ಮಾತ್ರ ದಿನಕ್ಕೆ ಎರಡು ಸಲ ಕಡು ರಾಸಾಯನಿಕ ಬೀಳುತ್ತದೆ. ವಾರ್ಮರ್‌ನ ಹಲಗೆಗೆ ಸೌಮ್ಯ ಸಾಬೂನು ನೀರಿನಲ್ಲಿ ಹಿಂಡಿದ ಮೃದು ಬಟ್ಟೆ, ಆಮೇಲೆ ಬರಿಯ ನೀರಿನ ಬಟ್ಟೆ, ಅನಂತರ ಒಣ ಬಟ್ಟೆ. ಅದರ ಮೇಲೆ ಸೋಂಕುನಿವಾರಕ ಬೇಕೆಂದಾದರೆ ಆ ಯಂತ್ರದ ಕೈಪಿಡಿಯ ಶುಚಿಗೊಳಿಸುವ ಅಧ್ಯಾಯದಲ್ಲಿ ಹೆಸರಿಸಿದ್ದನ್ನೇ ಬಳಸಬೇಕು. ಆ ಪುಟದ ನಕಲು ತೆಗೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡಿ, ಕೈಪಿಡಿ ಬೀರುವಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಫೀನಾಲ್ ಇರುವ ದ್ರಾವಣಗಳು ಶಿಶುಗಳ ಹತ್ತಿರ ಬರಬಾರದು: ಅವುಗಳಿಂದ ತೊಟ್ಟಿಲು, ಇನ್ಕ್ಯುಬೇಟರ್ ಒರೆಸಿದ ಕಡೆ ನವಜಾತ ಶಿಶುಗಳ ರಕ್ತದಲ್ಲಿ ಕಾಮಾಲೆ ತರುವ ಬಿಲಿರುಬಿನ್ ಏರಿದ ಪ್ರಕರಣಗಳು ವರದಿಯಾಗಿವೆ.

ಇನ್ಫ್ಯೂಷನ್ ಪಂಪ್, ಮಾನಿಟರ್, ಪಲ್ಸ್ ಆಕ್ಸಿಮೀಟರ್‌ಗಳ ವಿಷಯದಲ್ಲಿ ಒಂದೇ ಮಾತು: ದ್ರವವನ್ನು ಬಟ್ಟೆಗೆ ಹಾಕಿ, ಯಂತ್ರಕ್ಕೆ ನೇರವಾಗಿ ಸಿಂಪಡಿಸಬೇಡಿ. ನನ್ನ ಬಳಿಗೆ ರಿಪೇರಿಗೆ ಬರುವ ಪಂಪ್‌ಗಳಲ್ಲಿ ಕೀಲಿಮಣೆಯ ಅಂಚಿನಿಂದ ದ್ರವ ಒಳಗಿಳಿದು, ಸರ್ಕ್ಯೂಟ್ ಬೋರ್ಡಿನ ತಾಮ್ರದ ಮೇಲೆ ಹಸಿರು ಪುಡಿ ಕಟ್ಟಿರುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಆ ಪಂಪ್ ಕೆಟ್ಟು ನಿಂತರೆ ಪುಣ್ಯ, ತಪ್ಪು ವೇಗದಲ್ಲಿ ಓಡಿದರೆ ರೋಗಿಯ ಜೀವಕ್ಕೇ ಕುತ್ತು. ಬಿಪಿ ಕಫ್‌ನ ಒಳಗಿನ ರಬ್ಬರ್ ಚೀಲವನ್ನು ಹೊರತೆಗೆದು ಬಟ್ಟೆಯನ್ನು ಮಾತ್ರ ಒಗೆಯಬಹುದು.

ಮತ್ತೆ ಪ್ರಶ್ನೆ: ಹೆರಿಗೆ ವಾರ್ಡಿನ ಶುಶ್ರೂಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವೈದ್ಯಾಧಿಕಾರಿಗಳ ಜೊತೆ ಮಾತನಾಡಿದ್ದೇನೆ, ಸಮಿತಿಯ ಮುಂದಿನ ಸಭೆಯಲ್ಲಿ ವಿಷಯ ಇಡಲು ಒಪ್ಪಿದ್ದಾರೆ. ಇನ್ನೆರಡು ಸಂದೇಹಗಳಿವೆ. ಬಿಗಿಯಾದ ಲಾಕ್‌ಗಳಿಗೆ ನಮ್ಮಲ್ಲಿ ಕೊಬ್ಬರಿ ಎಣ್ಣೆ ಅಥವಾ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಾರೆ, ಕಂದು ಕಲೆಗೆ ಹುಣಸೆಹಣ್ಣು ಅಥವಾ ಶೌಚಾಲಯ ತೊಳೆಯುವ ಆಸಿಡ್ ಹಚ್ಚಿ ಉಜ್ಜುತ್ತಾರೆ. ಇದು ಸರಿಯೇ? ಈಗಾಗಲೇ ಕಲೆಯಾಗಿರುವ ಉಪಕರಣಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಕಂಡೆಮ್ ಮಾಡಬೇಕು (ಬಳಕೆಗೆ ಬಾರದೆಂದು ತೆಗೆದುಹಾಕಬೇಕು)?

ಉತ್ತರ: ಸಿಎಸ್‌ಎಸ್‌ಡಿ ಮೇಲ್ವಿಚಾರಕ

ಎರಡೂ ಬೇಡ, ಸಿಸ್ಟರ್. ಎಣ್ಣೆಯ ಪೊರೆಯನ್ನು ದಾಟಿ ಹಬೆ ಲೋಹವನ್ನು ಮುಟ್ಟಲಾರದು, ಹಾಗಾಗಿ ಎಣ್ಣೆ ಬಿಟ್ಟ ಕೀಲು ಆಟೋಕ್ಲೇವ್‌ನಿಂದ ಹೊರಬಂದರೂ ಕ್ರಿಮಿಶುದ್ಧವಾಗಿದೆ ಎನ್ನಲು ಬರುವುದಿಲ್ಲ. ಇದಕ್ಕೆಂದೇ ನೀರಿನಲ್ಲಿ ಬೆರೆಯುವ, ಹಾಲಿನಂತೆ ಬೆಳ್ಳಗಿರುವ ಉಪಕರಣ ಲೂಬ್ರಿಕೆಂಟ್ ಸಿಗುತ್ತದೆ. ತೊಳೆದ ನಂತರ, ಪ್ಯಾಕ್ ಮಾಡುವ ಮೊದಲು ಅದನ್ನು ಹಚ್ಚಬೇಕು. ಶೌಚಾಲಯದ ಆಸಿಡ್‌ನಲ್ಲಿ ಇರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಕಲೆಯ ಜೊತೆಗೆ ರಕ್ಷಣೆಯ ಪದರವನ್ನೂ ಕಿತ್ತುಹಾಕುತ್ತದೆ. ಬ್ಲೀಚಿಂಗ್ ನೀರಿನ ಟಬ್ಬಿನ ಹತ್ತಿರ ಅದನ್ನು ಇಡುವುದೇ ಅಪಾಯ, ಎರಡೂ ಬೆರೆತರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಹುಣಸೆಹುಳಿ ಅಷ್ಟು ತೀಕ್ಷ್ಣವಲ್ಲದಿದ್ದರೂ ಹಿತ್ತಾಳೆಯ ದೀಪಕ್ಕೆ ಸರಿ, ಫೋರ್ಸೆಪ್ಸ್‌ಗೆ ಅಲ್ಲ.

ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದು ತಿಳಿಯಲು ಮಕ್ಕಳು ಬಳಸುವ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಕಲೆಯ ಮೇಲೆ ಉಜ್ಜಿ. ಕಂದು ಬಣ್ಣ ಹೋಗಿ ಕೆಳಗಿನ ಲೋಹ ನುಣುಪಾಗಿ ಹೊಳೆದರೆ ಅದು ಮೇಲಿನ ಕಲೆ ಮಾತ್ರ. ನೀರಿನಿಂದಲೋ ಒಣಗಿದ ರಕ್ತದಿಂದಲೋ ಬಂದಿರುತ್ತದೆ, ಅಂತಹ ಉಪಕರಣವನ್ನು ಚೆನ್ನಾಗಿ ತೊಳೆದು ಬಳಸಬಹುದು. ಬಣ್ಣ ಹೋದ ಜಾಗದಲ್ಲಿ ಗುಳಿ ಕಂಡರೆ, ಉಗುರು ಆಡಿಸಿದಾಗ ತಡೆದರೆ, ಅದು ತುಕ್ಕು; ಆ ಉಪಕರಣವನ್ನು ಬೇರೆ ತೆಗೆದಿಡಿ. ತುಕ್ಕಿನದನ್ನು ಒಳ್ಳೆಯದರ ಜೊತೆ ಒಂದೇ ಪ್ಯಾಕಿನಲ್ಲಿ ಆಟೋಕ್ಲೇವ್ ಮಾಡಿದರೆ ತುಕ್ಕಿನ ಕಣ ಒಳ್ಳೆಯದಕ್ಕೂ ಅಂಟಿ ಅಲ್ಲಿ ಹೊಸ ಕಲೆ ಎಬ್ಬಿಸುತ್ತದೆ. ಹೊಳೆಯುವ ಲೇಪನ ಸಿಪ್ಪೆಯಂತೆ ಏಳುತ್ತಿದ್ದರೆ ಪರೀಕ್ಷೆಯೇ ಬೇಡ, ಅದು ಕಂಡೆಮ್. ಕತ್ತರಿಯ ಹರಿತ ನೋಡಲು ಗಾಜ್‌ನ ಎರಡು ಪದರ ಕತ್ತರಿಸಿ; ತುದಿಯವರೆಗೂ ಎಳೆಯದೆ ಕತ್ತರಿಸಬೇಕು. ಲಾಕ್‌ನ ಪರೀಕ್ಷೆಗೆ ಫೋರ್ಸೆಪ್ಸ್ ಅನ್ನು ಲಾಕ್‌ನ ಮೊದಲ ಹಲ್ಲಿಗೆ ಹಾಕಿ, ಅದರ ಹಿಂಭಾಗವನ್ನು ಅಂಗೈಗೆ ಮೆಲ್ಲಗೆ ತಟ್ಟಿ. ತಾನಾಗಿ ಬಿಚ್ಚಿಕೊಂಡರೆ ಹೊಕ್ಕುಳಬಳ್ಳಿಗೆ ಹಾಕಿದಾಗಲೂ ಬಿಚ್ಚಿಕೊಳ್ಳುತ್ತದೆ.

ಕಂಡೆಮ್ ಪಟ್ಟಿಯಲ್ಲಿ ಪ್ರತಿಯೊಂದರ ಎದುರು ಗುಳಿ, ಲೇಪನ ಎದ್ದಿದೆ, ಲಾಕ್ ನಿಲ್ಲುವುದಿಲ್ಲ ಎಂದು ಕಾರಣ ಬರೆದು ಫೋಟೋ ಸೇರಿಸಿ, ಹೊಸ ಇಂಡೆಂಟ್ ಅದರ ಜೊತೆಗೇ ಹೋಗಲಿ. ಇಂಡೆಂಟ್ ಹಾಕುವಾಗ ಇಂದಿನ ಲೆಕ್ಕಕ್ಕಿಂತ ಹೆಚ್ಚು ಹೆರಿಗೆ ಸೆಟ್‌ಗಳನ್ನು ಕೇಳಿ. ಒಂದು ಸೆಟ್ ಬಳಕೆಯಲ್ಲಿ, ಒಂದು ತೊಳೆಯುವಲ್ಲಿ, ಒಂದು ಆಟೋಕ್ಲೇವ್‌ನಲ್ಲಿ ಇದ್ದಾಗಲೂ ಕಪಾಟಿನಲ್ಲಿ ಇನ್ನೊಂದು ಸಿದ್ಧವಾಗಿದ್ದರೆ, ಒಂದರ ಬೆನ್ನಿಗೆ ಒಂದು ಹೆರಿಗೆ ಬಂದ ರಾತ್ರಿಯೂ ಯಾರೂ ಅರ್ಧಂಬರ್ಧ ತೊಳೆದ ಕತ್ತರಿಗೆ ಕೈಹಾಕಬೇಕಾಗುವುದಿಲ್ಲ.